ತೊಡೆಯ ಮೇಲಿನ ಅಣಬೆ ಚೀಲ

ಒದ್ದೆ ಭತ್ತದ ಹುಲ್ಲಿನ ವಾಸನೆ ಬಂದರೆ ಈಗಲೂ ನನ್ನ ತೊಡೆ ತಣ್ಣಗಾಗುತ್ತದೆ.

ಅಪ್ಪನಿಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ವಿಶಾಖಪಟ್ಟಣದ ಗಾಜುವಾಕ ಬಡಾವಣೆಯ ಬಾಡಿಗೆ ಮನೆಯ ಬಚ್ಚಲಲ್ಲಿ, ಅಣಬೆ ಬೆಳೆಯಲೆಂದು ಅವ್ವ ಒದ್ದೆ ಹುಲ್ಲು ತುಂಬಿ ತೂಗುಹಾಕಿದ್ದ ಚೀಲದಲ್ಲಿ, ನಾವು ಹೊರಡುವ ದಿನವೇ ಅಣಬೆಗಳು ಮೊಳೆತಿದ್ದವು. ಒಂದೊಂದೂ ಅಕ್ಕಿಕಾಳಿನಷ್ಟಿತ್ತು. ಸಾಮಾನೆಲ್ಲ ಲಾರಿ ಹತ್ತಿತು. ಚೀಲವನ್ನು ಮಾತ್ರ ಅವ್ವ ಬಿಡಲಿಲ್ಲ. ತನ್ನ ಹಳೆಯ ಸೀರೆಯನ್ನು ಒದ್ದೆ ಮಾಡಿ ಅದಕ್ಕೆ ಸುತ್ತಿ, ರೈಲಿನಲ್ಲಿ ನನ್ನ ತೊಡೆಯ ಮೇಲಿಟ್ಟಳು.

"ಗಟ್ಟಿ ಹಿಡ್ಕೊ. ಬಿಸಿಗಾಳಿ ತಾಕಿದ್ರ ಕಮರಿ ಹೋಗ್ತಾವ. ಅರಳಿದ್ರ ರೊಟ್ಟಿ ಜೋಡಿ ಪಲ್ಯ ಮಾಡ್ತೀನಿ."

ಮೇ ತಿಂಗಳ ಗಾಳಿ ಒಲೆಯ ಉರಿಯಂತೆ ಕಿಟಕಿಯಿಂದ ನುಗ್ಗುತ್ತಿತ್ತು. ನಾನು ಬಾಗಿ ಬೆನ್ನನ್ನು ಅಡ್ಡ ಕೊಟ್ಟೆ. ಕುಡಿಯುವ ನೀರನ್ನೇ ಅಂಗೈಗೆ ಸುರಿದುಕೊಂಡು ಚಿಮುಕಿಸಿದೆ. ಸೀರೆ ಒದ್ದೆಯಾದಷ್ಟೇ ಬೇಗ ಒಣಗುತ್ತಿತ್ತು.

ವಿಜಯವಾಡದ ಖಾಲಿ ಮನೆಯಲ್ಲಿ ಅವ್ವ ಚೀಲಕ್ಕೆ ಸುತ್ತಿದ್ದ ಸೀರೆ ಬಿಚ್ಚಿದಳು. ಮೊಗ್ಗುಗಳೆಲ್ಲ ಹಳದಿಯಾಗಿ ಮುರುಟಿದ್ದವು.

"ಹೋಗ್ಲಿ ಬಿಡು, ಇಲ್ಲೇ ಹೊಸಾದು ಹಚ್ಚಿದ್ರಾತು" ಎಂದರು ಅಪ್ಪ.

"ಪ್ರತಿ ಊರಾಗೂ ಹಿಂಗ ಅಂತೀರಿ" ಎಂದಳು ಅವ್ವ.

ನಾನು ಬಾಟಲಿಯ ತಳದಲ್ಲಿ ಉಳಿದಿದ್ದ ನೀರನ್ನು ಆ ಮೊಗ್ಗುಗಳ ಮೇಲೆ ಮತ್ತೆ ಚಿಮುಕಿಸತೊಡಗಿದೆ.