ಸಮಯ ಹೊತ್ತ ಜೀಪು

ಉಪಗ್ರಹಗಳು ಮೂಕವಾದ ಮೇಲೆ ಮೊಬೈಲ್ ಟವರ್‌ಗಳಿಗೆ ಸರಿಯಾದ ಸಮಯ ಮುಟ್ಟಿಸುವುದು ಶಾವಂತ್ರೆವ್ವನ ಕೆಲಸ; ಸಮಯ ತಪ್ಪಿದ ಟವರಿನಿಂದ ಕರೆ ಹೋಗುವುದಿಲ್ಲ. ಜೀಪಿನಲ್ಲಿ ಇಡೀ ಸೀಮೆಗೆ ಇದ್ದೊಂದೇ ಪರಮಾಣು ಗಡಿಯಾರ, ಅದಕ್ಕೊಂದು ಭಾರದ ಬ್ಯಾಟರಿ. ಸರದಿಯಂತೆ ದಿನಕ್ಕೊಂದು ಊರು.

ಇಂದು ದಾರಿಯಲ್ಲಿ, ಸರದಿ ಇನ್ನೂ ಬಾರದ ಊರಿನ ಬಸಲಿಂಗನ ಗುಂಪು ಕೊಡಲಿ ಹಿಡಿದು ಜೀಪಿಗೆ ಅಡ್ಡ ನಿಂತಿತು.

"ಮೊದಲ ನಮ್ಮ ಟವರಿಗೆ! ತಿಂಗಳಾತು, ಒಂದ್ ಫೋನ್ ಹತ್ತವಲ್ದು!"

ಗಾಬರಿಯಲ್ಲಿ ಡ್ರೈವರ್ ಜೀಪು ನುಗ್ಗಿಸಿದ. ಬಸಲಿಂಗನ ತಮ್ಮ ಗಾಲಿಯಡಿ ಸಿಕ್ಕ. ಬಸಲಿಂಗ ಡ್ರೈವರನನ್ನು ಕೆಳಗೆಳೆದು ಕಡಿದು ಹಾಕಿದ. ಹೊರಲಾಗದ ಬ್ಯಾಟರಿಯ ತಂತಿ ಕಿತ್ತು, ಗಡಿಯಾರವನ್ನೂ ಶಾವಂತ್ರೆವ್ವನನ್ನೂ ರಸ್ತೆ ಬದಿಯ ಟವರಿಗೆ ಎಳೆದೊಯ್ದ.

"ಜೋಡ್ಸಬೇ! ತಮ್ಮಂದು ಇನ್ನೂ ಉಸಿರೈತಿ, ಆಂಬುಲೆನ್ಸ್ ಕರೀಬೇಕು!" ರಕ್ತದ ಕೊಡಲಿ ಅವಳ ಕುತ್ತಿಗೆಗೆ ಬಂತು.

ಶಾವಂತ್ರೆವ್ವ ಗಡಿಯಾರವನ್ನು ಅವನತ್ತ ತಿರುಗಿಸಿದಳು. ಅಂಕಿಗಳೆಲ್ಲ ಆರಿ ಅದರ ಮುಖ ಕಪ್ಪಾಗಿತ್ತು.

"ನೀ ತಂತಿ ಕಿತ್ತಾಗನ ಇದು ಟೈಮ್ ಮರತೈತೋ. ಇನ್ನ ಯಾವ ಊರಾಗೂ ಫೋನ್ ಹತ್ತಂಗಿಲ್ಲ."