ಖಾಲಿ ಉಳಿದ ಮೂರನೆಯ ಕಾಲಂ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ... ಆದರೂ ಹೇಳುತ್ತೇನೆ. ನನ್ನಂಥ ಇನ್ನೊಬ್ಬ ಮಹಾಶಯ ಓದಲಿ.

ನಾನು ಅರಸೀಕೆರೆಯಲ್ಲಿ ಅಂಗಡಿಗಳ ಬೋರ್ಡ್ ಬರೆಯುವವನು. ಕುಡಿತ ಬಿಡಿಸಬೇಕೆಂದು ನನ್ನ ಹೆಂಡತಿ ವನಜಾಕ್ಷಿ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋದಳು.

ಮೇಡಂ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಟ್ಟರು. ಕುಡಿಯಬೇಕು ಅನ್ನಿಸಿದಾಗ ತಲೆಗೆ ಬಂದ ಯೋಚನೆ ಏನು... ಅದಕ್ಕೆ ಸಾಕ್ಷಿ ಏನು... ಬೇರೆ ರೀತಿ ಯೋಚಿಸಬಹುದಾ...

ದಿನಾ ಬರೆಯಬೇಕು, ಯೋಚನೆ ಬದಲಾದರೆ ಅಭ್ಯಾಸವೂ ನಿಧಾನಕ್ಕೆ ಬದಲಾಗುತ್ತದೆ ಎಂದರು.

ಊರಿಗೆಲ್ಲ ಬೋರ್ಡ್ ಬರೆಯುವ ನಾನು, ಕೈ ನಡುಗುತ್ತದೆ ಎಂದು ನೆಪ ಹೇಳಿ ಆ ಕೆಲಸವನ್ನು ವನಜಾಕ್ಷಿಗೆ ಅಂಟಿಸಿದೆ.

"ಇವತ್ತೂ ಏನೂ ಅನ್ನಿಸ್ಲಿಲ್ಲ, ಬರ್ಕೊ" ಅನ್ನುತ್ತಿದ್ದೆ. ಅವಳು ಹಾಗೆಯೇ ಬರೆದುಕೊಳ್ಳುತ್ತಿದ್ದಳು.

ಕುಡಿಯುತ್ತಲೇ ಇದ್ದೆ. ವಾಸನೆ ಗೊತ್ತಾಗಬಾರದೆಂದು ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಎಣ್ಣೆಯನ್ನು ಅಂಗಿಗೆ ಸವರಿಕೊಂಡು ಮನೆಗೆ ಬರುತ್ತಿದ್ದೆ. ಎಂಥಾ ಬುದ್ಧಿವಂತ ನೋಡಿ...

ಆರು ವಾರ ಕಳೆದ ಮೇಲೆ ಇಬ್ಬರೂ ಹೋದಾಗ ಮೇಡಂ ನೋಟ್‌ಬುಕ್ಕಿನ ಕೊನೆಯ ಕಡೆಯ ಪುಟಗಳನ್ನು ತೆರೆದರು. ವನಜಾಕ್ಷಿಯ ಮುಖ ನೋಡಿದರು. ಅವಳು ಆಗಲಿ ಎಂಬಂತೆ ತಲೆಯಾಡಿಸಿದ ಮೇಲೆ ನನ್ನ ಕೈಗೆ ಕೊಟ್ಟರು.

ಅಲ್ಲಿಯೂ ಮೂರು ಕಾಲಂ... ವನಜಾಕ್ಷಿ ತನಗಾಗಿ ಎಳೆದುಕೊಂಡದ್ದು.

ಯೋಚನೆ: ಇವರು ಇವತ್ತೂ ಕುಡಿದಿದ್ದಾರೆ.
ಸಾಕ್ಷಿ: ಟರ್ಪೆಂಟೈನ್ ವಾಸನೆ ಜಾಸ್ತಿ.
ಬೇರೆ ಯೋಚನೆ: ಪಾಪ, ಕೆಲಸ ಜಾಸ್ತಿ ಇತ್ತೇನೋ.

ಯಾವ ಪುಟ ತಿರುವಿದರೂ ಇದೇ. ನನ್ನ ಒಂದೊಂದು ಸುಳ್ಳಿಗೂ ಅವಳೇ ಒಂದೊಂದು ಕಾರಣ ಹುಡುಕಿ ನನ್ನನ್ನು ಕಾಪಾಡಿದ್ದಳು. ತಲೆ ಎತ್ತಲಾಗಲಿಲ್ಲ ನನಗೆ.

ಕೊನೆಯದನ್ನು ಓದಿದೆ.

ಯೋಚನೆ: ಇವರು ಕುಡಿಯುವುದು ನನ್ನಿಂದಲೇ.
ಸಾಕ್ಷಿ: ಅವರೇ ಹೇಳಿದ್ದಾರೆ.

ಮೂರನೆಯ ಕಾಲಂ ಖಾಲಿ...

ಹೌದು, ಹೇಳಿದ್ದೆ. ಕುಡಿದಾಗಲೆಲ್ಲ ಹೇಳುತ್ತಿದ್ದೆ, ಬೆಳಿಗ್ಗೆ ಎದ್ದು ಮರೆಯುತ್ತಿದ್ದೆ. ಅವಳು ಮರೆತಿರಲಿಲ್ಲ. ನಂಬಿಬಿಟ್ಟಿದ್ದಳು.

ಮೇಡಂ ಪೆನ್ನು ಮುಂದಿಟ್ಟರು. ಆರು ವಾರದಲ್ಲಿ ಮೊದಲ ಸಲ, ಆ ಖಾಲಿ ಕಾಲಂನಲ್ಲಿ ನಾನೇ ಬರೆದೆ.

"ನಾನು ಹೇಳಿದ್ದು ಸುಳ್ಳು. ನಿನ್ನೆಯೂ ಕುಡಿದೆ. ತಪ್ಪು ನನ್ನದು, ನಿನ್ನದಲ್ಲ."

ವನಜಾಕ್ಷಿ ಅದನ್ನು ಎರಡು ಸಲ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದನ್ನ ಬಾಯ್ಬಿಟ್ಟು ಒಂದ್ಸಲ ಹೇಳ್ತೀರಾ?" ಎಂದು ಕೇಳಿದಳು.

ಹೇಳಿದೆ... ಅಳುತ್ತಲೇ ಹೇಳಿದೆ.

ನಮ್ಮ ಚಟಕ್ಕೆ ನಾವು ಕೊಡುವ ನೆಪವನ್ನು ನಮಗಿಂತ ಹೆಚ್ಚು ನಂಬಿ ನೋಯುವವರು ನಮ್ಮ ಮನೆಯವರೇ.

ನಿಮ್ಮ ತಪ್ಪನ್ನು ತಮ್ಮದೆಂದುಕೊಂಡು ಬದುಕುತ್ತಿರುವವರು ನಿಮ್ಮ ಮನೆಯಲ್ಲಿಯೂ ಯಾರಾದರೂ ಇದ್ದಾರಾ?