ಹೊಂಡವಿಲ್ಲದ ಮನೆ

ಕೃಷಿಹೊಂಡ ತೋಡುವ ಮೊದಲು ರೈತನ ಮನೆ-ಹೊಲವನ್ನು ಜನರ ಸಮೇತ ಪಡಿಯಚ್ಚಿನಂತೆ ಎರಡು ಮಾಡುವುದು ಈಗ ಎಲ್ಲ ಕಡೆಯ ರೂಢಿ. ಒಂದಕ್ಕೆ ಹೊಂಡ ಕೊಡುತ್ತಾರೆ, ಇನ್ನೊಂದಕ್ಕಿಲ್ಲ. ಜನ ಮಾತ್ರ ಎರಡರಲ್ಲೂ ಅವರೇ. ಮೂರು ವರ್ಷ ತುಂಬಿದ ದಿನ, ಹೆಚ್ಚು ಜೋಳ ಬೆಳೆದ ಮನೆಯನ್ನು ಉಳಿಸಿ ಮತ್ತೊಂದನ್ನು ಜನರೊಂದಿಗೇ ಸಂಜೆಯೊಳಗೆ ಅಳಿಸಿಬಿಡುತ್ತಾರೆ.

ಶಂಕ್ರವ್ವನ ಮನೆಗೆ ಇವತ್ತು ಮೂರು ವರ್ಷ ತುಂಬಿತ್ತು. ಸರ್ವೆಯ ರಜಿಯಾ ನದಾಫ ಬೆಳಿಗ್ಗೆ ಹೊಂಡವಿದ್ದ ಕಡೆಯ ಶಂಕ್ರವ್ವನನ್ನು ಕಂಡು, ಈಗ ಹೊಂಡವಿಲ್ಲದ ಕಡೆಯ ಶಂಕ್ರವ್ವನ ಕಟ್ಟೆಯ ಮೇಲೆ ಕೂತಿದ್ದಳು. ಮುಂದೆ ಅದೇ ಹಿತ್ತಾಳೆ ತಂಬಿಗೆ, ಅದೇ ಬೆಲ್ಲ. ನೀರು ಮಾತ್ರ ಅರ್ಧ ತಂಬಿಗೆ.

"ಜೋಳ ಎಷ್ಟು ಚೀಲ ಆತಬೇ?"

"ಎರಡು. ಆ ಕಡೆ?"

"ಹದಿನೆಂಟು." ಹೇಳಬಾರದಿತ್ತು, ಬಾಯಿ ತಪ್ಪಿ ಬಂದುಬಿಟ್ಟಿತು.

ಅಂಗಳದಲ್ಲಿ ಮಣ್ಣಿನ ಎತ್ತು ಆಡಿಸುತ್ತಿದ್ದ ಮೊಮ್ಮಗಳು ನೀಲಿಯನ್ನು ಶಂಕ್ರವ್ವ ನೋಡಿದಳು.

"ಹಂಗಾದ್ರ ಅದನ್ನ ಉಳಸವ್ವಾ. ನಾವು ಹೋದ್ರ ಹೋಗ್ಲಿ. ಅಲ್ಲಿ ನಮ್ಮ ನೀಲಿ ಹೊಟ್ಟಿ ತುಂಬ ಉಣ್ಣತಾಳ."

ರಜಿಯಾಳ ಪೆನ್ನು ನಿಂತಿತು. ಬೆಳಿಗ್ಗೆ ಆ ಮನೆಯಲ್ಲಿ ನೀಲಿಯ ಫೋಟೋಕ್ಕೆ ಹಾಕಿದ್ದ ಹಾರ ಇನ್ನೂ ಬಾಡಿರಲಿಲ್ಲ. ಹೊಂಡಕ್ಕೆ ಬೇಲಿ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳ ಹಾಳೆಯಲ್ಲಿ ಅದಕ್ಕೊಂದು ಕಾಲಮ್ಮೂ ಇರಲಿಲ್ಲ.

"ಎರಡು ಅಂತ ಬರದಿಯೇನವ್ವಾ?"

"ಬರದೆ," ಎಂದಳು ರಜಿಯಾ, ಎರಡರ ಬಲಕ್ಕೆ ಒಂದು ಸೊನ್ನೆ ಸುತ್ತುತ್ತಾ.